ಭಾವ ಡೂಪ್ಲಿಕೇಟ್ ಎಂದ ಬಿ.ಪಿ. ಮಶೀನು

ಅಂಗಡಿಯವನು ‘ಓರಿಜಿನಲ್ ಸರ್’ ಎಂದರೆ ನಂಬಿಬಿಡುವ ಜಾತಿ ನನ್ನದು. ‘ಕಂಪೆನಿಯದ್ದೇ ಸರ್, ಡಬ್ಬ ಮಾತ್ರ ಬೇರೆ’ ಎಂದರೆ ಇನ್ನೂ ಹೆಚ್ಚು ನಂಬುತ್ತೇನೆ. ಡಬ್ಬದ ವಿಷಯವನ್ನು ತಾನಾಗಿ ಒಪ್ಪಿಕೊಂಡವನು ಒಳಗಿನದರ ಬಗ್ಗೆ ಸುಳ್ಳು ಹೇಳಿಯಾನೇ ಎಂಬುದು ನನ್ನ ತರ್ಕ. ಈ ತರ್ಕದ ದೆಸೆಯಿಂದ ನಮ್ಮ ಮನೆಯ ಒಂದು ಕಪಾಟಿನ ತುಂಬ ಒಂದೇ ಕಿವಿಯಲ್ಲಿ ಹಾಡುವ ಇಯರ್‌ಫೋನುಗಳು, ಕೈಯಲ್ಲಿ ಓರೆಯಾಗಿ ಹಿಡಿದುಕೊಂಡೇ ಕೂತರೆ ಮಾತ್ರ ಚಾರ್ಜು ಹತ್ತಿಸುವ ವಯರುಗಳು, ಹಗಲು ಹೊತ್ತಿನಲ್ಲಿ ಚೆನ್ನಾಗಿ ಉರಿಯುವ ಟಾರ್ಚುಗಳು ಸೇರಿಕೊಂಡಿವೆ. ನನ್ನ ಹೆಂಡತಿ ಪ್ರೇಮ ಆ ಕಪಾಟನ್ನು ಆಸ್ಪತ್ರೆ ಎಂದು ಕರೆಯುತ್ತಾಳೆ. ಅಲ್ಲಿ ಸೇರಿದವರು ಯಾರೂ ಗುಣವಾಗಿ ಹೊರಗೆ ಬಂದದ್ದಿಲ್ಲವಂತೆ. ಇಂಥ ನನ್ನನ್ನು ಈಗ ವೇಣೂರಿನಿಂದ ಪುಂಜಾಲಕಟ್ಟೆಯವರೆಗಿನ ಜನ ಸಾಮಾನಿನ ಗುಣ ನೋಡಿ ಹೇಳಬಲ್ಲ ಪರಿಣತ ಎಂದು ತಿಳಿದಿದ್ದಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಚಾರ್ಜರನ್ನು ನನ್ನ ತೊಡೆಯ ಮೇಲಿಟ್ಟು ‘ಉಂದು ಎಡ್ಡೆನಾ?’ ಎಂದು ಕೇಳುತ್ತಾರೆ. ಇದು ಒಳ್ಳೆಯದಾ ಎಂದು ಅರ್ಥ. ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಿದ್ದವರು ನನ್ನ ಸೀತಾರಾಮ ಭಾವ, ಸುಮತಿ ಅಕ್ಕನ ಗಂಡ. ಬಹರೈನಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ತಲೆ ನರೆಯುವವರೆಗೆ ದುಡಿದು, ಊರಿಗೆ ಬಂದು ವೇಣೂರಿನಲ್ಲಿ ಮನೆ ಕಟ್ಟಿಸಿಕೊಂಡವರು. ಸ್ವಂತ ಅಂಗಡಿ ಹಾಕಿ ಎಂದು ಎಲ್ಲರೂ ಹೇಳಿದರು, ಅವರು ಹಾಕಲಿಲ್ಲ. “ಅಂಗಡಿ ಹಾಕಿದರೆ ನನ್ನ ಸಾಮಾನನ್ನು ನಾನೇ ಹೊಗಳಬೇಕಾಗ್ತದೆ, ಅದು ನನ್ನಿಂದ ಆಗ್ಲಿಕ್ಕಿಲ್ಲ,” ಎಂದರು. ಬದಲಿಗೆ ಊರಿನವರ ಸಾಮಾನನ್ನೆಲ್ಲ ಬಿಟ್ಟಿಯಾಗಿ ಬಯ್ಯುವ ಕೆಲಸ ಹಿಡಿದರು. ಮದುವೆಮನೆಗೆ ಹೋದರೆ ಮೊದಲು ಮೈಕಿನವನ ಹತ್ತಿರ ಹೋಗಿ ವಯರಿನ ಸಿಪ್ಪೆಯನ್ನು ಉಗುರಿನಿಂದ ಒತ್ತಿ ನೋಡಿಯೇ ಊಟಕ್ಕೆ ಕೂರುವುದು. ಪ್ಲಗ್ಗನ್ನು ಮೂಗಿನ ಹತ್ತಿರ ಹಿಡಿಯುವುದು, ಸ್ವಿಚ್ಚನ್ನು ಕಿವಿಯ ಹತ್ತಿರ ಒತ್ತುವುದು, ಆಮೇಲೆ ತೀರ್ಪು. ಸಾಮಾನಿನ ಆಯುಷ್ಯವನ್ನು ಅವರು ಗ್ಯಾರಂಟಿ ಕಾರ್ಡಿನ ವರ್ಷಗಳಲ್ಲಿ ಅಳೆದದ್ದೇ ಇಲ್ಲ. ನಮ್ಮ ಕಡೆಯ ಸಿಡಿಲು, ಥಂಡಿ ಎರಡನ್ನೂ ತಾಳಿಕೊಂಡದ್ದು ಮಾತ್ರ ಸಾಮಾನು ಎಂಬುದು ಅವರ ಮತ. ಆದ್ದರಿಂದ ‘ಇದು ಎರಡು ಮಳೆಗಾಲ’, ‘ಇದು ಒಂದೇ ಮಳೆಗಾಲ’ ಎಂದು ಹೇಳುತ್ತಿದ್ದರು. ಬೇಸಗೆ ಮುಗಿಯುವ ಪತ್ತನಾಜೆಯ ದಿನ ನಮ್ಮ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತಾರಲ್ಲ, ತೀರಾ ಕಳಪೆ ಮಾಲಿಗೆ ಅವರು ಕೊಡುತ್ತಿದ್ದ ತೀರ್ಪು ಅದೇ: “ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಪಾರ್ಟಿ ಇದು.” ನನ್ನ ಮನೆಯೊಕ್ಕಲಿಗೆ ಬಂದ ಉಡುಗೊರೆಗಳಲ್ಲಿ ಹೆಚ್ಚಿನವು ಆ ಪಾರ್ಟಿಯವೇ ಆಗಿದ್ದವು, ಅದನ್ನು ಅವರು ಕೊಟ್ಟವರ ಎದುರೇ ಹೇಳಿದರು.

ಒಮ್ಮೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ನಾನೊಂದು ಪವರ್ ಬ್ಯಾಂಕ್ ತೆಗೆದೆ. ಭಾವನಿಂದ ಕಲಿತ ವಿದ್ಯೆಯಂತೆ ನಾಲ್ಕೈದನ್ನು ಅಂಗೈಯಲ್ಲಿ ತೂಗಿ, ಎಲ್ಲಕ್ಕಿಂತ ಭಾರದ್ದನ್ನು ಆರಿಸಿದ್ದೆ. ಅದು ನನ್ನ ಮೊಬೈಲಿಗೆ ಜೀವ ಕೊಡುವುದಿರಲಿ, ಮೊಬೈಲಿನಲ್ಲಿದ್ದದ್ದನ್ನೂ ಕುಡಿದುಬಿಟ್ಟಂತೆ ಕಂಡಿತು. ಭಾವ ಸ್ಕ್ರೂ ಬಿಚ್ಚಿದರು. ಒಳಗೆ ಬೆರಳಿನಷ್ಟು ದೊಡ್ಡ ಒಂದು ಬ್ಯಾಟರಿ, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟ ಹೊಯಿಗೆ, ಎಂದರೆ ಮರಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಭಾವ ಹೊಯಿಗೆಯನ್ನು ಅಂಗೈಗೆ ಸುರಿದುಕೊಂಡು, “ಭಾವ, ನೀವು ಮೋಸ ಹೋಗ್ಲಿಲ್ಲ. ಈಗ ಹೊಯಿಗೆ ಎಲ್ಲಿ ಸಿಗ್ತದೆ? ಇನ್ನೊಂದು ನೂರು ತನ್ನಿ, ನಮ್ಮ ಬಚ್ಚಲಿಗೆ ಸಿಮೆಂಟು ಹಾಕಿಸುವ,” ಎಂದರು. ನಾನು ಅವರನ್ನು, ಅವರು ನನ್ನನ್ನು ಭಾವ ಎಂದೇ ಕರೆಯುವುದು ನಮ್ಮಲ್ಲಿ ರೂಢಿ. ಆ ಕರೆ ಈಗ ಒಂದು ಕಡೆಯಿಂದ ನಿಂತುಹೋಗಿದೆ.

ಹೋದ ಮಳೆಗಾಲದ ಕೊನೆಯಲ್ಲಿ ಭಾವನಿಗೆ ಒಂದೆರಡು ಸಲ ತಲೆ ತಿರುಗಿತು. ಡಾಕ್ಟರಲ್ಲಿಗೆ ಹೋಗುವ ಎಂದರೆ ಕೇಳಲಿಲ್ಲ. ಅಕ್ಕ ಯಾರಿಗೂ ಹೇಳದೆ ಮೊಬೈಲಿನಲ್ಲೇ ಆರ್ಡರ್ ಮಾಡಿ, ತೋಳಿಗೆ ಪಟ್ಟಿ ಕಟ್ಟಿ ನೋಡುವ ಒಂದು ಬಿ.ಪಿ. ಮಶೀನು ತರಿಸಿದಳು. ಆ ಮನೆಗೆ ಭಾವನ ಕೈಯಲ್ಲಿ ಪರೀಕ್ಷೆಯಾಗದೆ ಬಂದ ಮೊದಲ ಸಾಮಾನು ಅದು. ಆ ಭಾನುವಾರ ನಾನೂ ಅಲ್ಲಿದ್ದೆ. ಬೆಳ್ತಂಗಡಿಗೆ ಮದುವೆ ಮಾಡಿಕೊಟ್ಟ ಅವರ ಮಗಳು ಶ್ವೇತಾಳ ಸೀಮಂತ ಮರುವಾರ ಇದ್ದುದರಿಂದ ಹೂವು, ಅಡುಗೆ ಎಂದು ಮಾತಾಡಲು ಹೋಗಿದ್ದೆ. ಅಕ್ಕ ಹಟ ಮಾಡಿ ಪಟ್ಟಿ ಕಟ್ಟಿದಳು. ಮಶೀನು ಗುಂಯ್ ಎಂದು ಗಾಳಿ ತುಂಬಿಕೊಂಡು, ಉಸ್ ಎಂದು ಬಿಟ್ಟು, ನೂರ ತೊಂಬತ್ತು ಎಂದು ತೋರಿಸಿತು. ಭಾವ ಕನ್ನಡಕ ಏರಿಸಿ ನೋಡಿ, “ಇದು ಬಿ.ಪಿ. ಅಲ್ಲ ಮಾರಾಯ್ತಿ, ನಮ್ಮ ಲೈನಿನ ವೋಲ್ಟೇಜು. ಡೂಪ್ಲಿಕೇಟ್ ಮಾಲು,” ಎಂದು ಪಟ್ಟಿ ಕಿತ್ತು ಡಬ್ಬಕ್ಕೆ ಹಾಕಿದರು. ವೇಣೂರಿನಲ್ಲಿ ಸಂಜೆಯ ಹೊತ್ತು ವೋಲ್ಟೇಜು ಬರುವುದೂ ಅಷ್ಟೇ ಆದ್ದರಿಂದ ನಾವು ಮೂವರೂ ಚೆನ್ನಾಗಿ ನಕ್ಕೆವು. ಸೀಮಂತ ಗಡದ್ದಾಗಿ ಆಯಿತು. ಭಾವ ಪಂಕ್ತಿಯಲ್ಲಿ ನಿಂತು ಪಾಯಸ ಬಡಿಸಿದರು, ಕೊನೆಯ ನೆಂಟರನ್ನೂ ಬಸ್ಸು ಹತ್ತಿಸಿದರು. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಾಗಿಲು ತೆಗೆಯಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋಗುವ ದಾರಿಯಲ್ಲಿಯೇ ಮುಗಿಯಿತು.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯಂದು, ತೀರಿಕೊಂಡವರಿಗೆ ಎಲೆ ಹಾಕಿ ಅವರು ಇಷ್ಟಪಟ್ಟದ್ದನ್ನು ಬಡಿಸುವುದು ನಮ್ಮ ಕ್ರಮ. ಕುಡಿಯುವವರಿಗೆ ಅದನ್ನು, ಎಲೆಯಡಿಕೆಯವರಿಗೆ ಅದನ್ನು ಪಕ್ಕದಲ್ಲಿ ಇಡುತ್ತಾರೆ. ಭಾವನಿಗೆ ಯಾವ ಚಟವೂ ಇರಲಿಲ್ಲ. ಅಕ್ಕ ಒಳಗೆ ಹೋಗಿ ಅವರ ಟೆಸ್ಟರ್ ಸ್ಕ್ರೂಡ್ರೈವರ್ ತಂದು ಎಲೆಯ ಬದಿಯಲ್ಲಿಟ್ಟಳು. ಕೋಳಿ ಸುಕ್ಕದ ಪಕ್ಕದಲ್ಲಿ ಆ ಸ್ಕ್ರೂಡ್ರೈವರ್ ಕಂಡು ನನಗೆ ನಗು ಬಂತು, ನಗುವಿನ ಹಿಂದೆಯೇ ತಡೆಯಲಾಗದ ಅಳುವೂ ಬಂತು. ಕೈ ತೊಳೆಯಲು ಹೊರಗೆ ಬಂದರೆ ನೆರೆಮನೆಯ ಮೋನಪ್ಪಣ್ಣ ಒಂದು ಇಯರ್‌ಫೋನು ಹಿಡಿದು ನಿಂತಿದ್ದರು. “ಇನ್ನು ನೀವೇ ಅಲ್ವಾ ನೋಡಿ ಹೇಳುವುದು?” ಎಂದರು. ನಮ್ಮಲ್ಲಿ ಅಳಿಯಸಂತಾನ. ಮಾವನದ್ದು ಅಳಿಯನಿಗೆ ಬರುವುದುಂಟು, ಭಾವನದ್ದು ಭಾವನಿಗೆ ಬರುವ ಕಟ್ಟು ಎಲ್ಲಿಯೂ ಇಲ್ಲ. ಆದರೆ ಬೊಜ್ಜದ ಅಂಗಳದಲ್ಲಿ ವಾದ ಮಾಡುವುದು ಹೇಗೆ? ಇಯರ್‌ಫೋನನ್ನು ಮೂಸಿ, ಕಣ್ಣು ಮುಚ್ಚಿ, “ಒಂದೂವರೆ ಮಳೆಗಾಲ,” ಎಂದೆ. ಅರ್ಧ ಮಳೆಗಾಲದ ಲೆಕ್ಕ ಭಾವನೂ ಹೇಳಿದ್ದಿಲ್ಲ. ಜನರಿಗೆ ನನ್ನ ಮೇಲೆ ಗೌರವ ಬಂತು. ಹೀಗೆ ಶುರುವಾದದ್ದು ನನ್ನ ಪರಿಣತಿ.

ತಿಂಗಳು ಕೆಲವು ಕಳೆದ ಮೇಲೆ ಒಂದು ದಿನ ಅಕ್ಕ ಬರಹೇಳಿದಳು. ಆ ಬಿ.ಪಿ. ಮಶೀನನ್ನು ಡಬ್ಬದ ಸಮೇತ ನನ್ನ ಕೈಗಿಟ್ಟು, “ತಮ್ಮಾ, ಇದು ಒಳ್ಳೆಯದಾ ಹಾಳಾ, ಸರಿಯಾಗಿ ನೋಡಿ ಹೇಳು,” ಎಂದಳು. ಮಶೀನು ಹಾಳಾಗಿದ್ದರೆ ಭಾವ ಸತ್ತದ್ದು ಆಯುಷ್ಯ ಮುಗಿದು. ಒಳ್ಳೆಯದಾಗಿದ್ದರೆ, ಒಂದು ವಾರ ಮೊದಲೇ ಅದು ಕೂಗಿ ಹೇಳಿತ್ತು, ನಾವು ನಕ್ಕಿದ್ದೆವು. ಹಾಳು ಮಾಲು ತರಿಸಿದವಳು ಎನಿಸಿಕೊಳ್ಳಲು ಅಕ್ಕ ಸಂತೋಷದಿಂದ ತಯಾರಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಮಾತು. ಮೂಸಿ ಹೇಳುವ ಧೈರ್ಯ ನನಗೆ ಬರಲಿಲ್ಲ. “ಒಂದು ದಿನ ಇರಲಿ, ಚೆಕ್ ಮಾಡಿ ತರ್ತೇನೆ,” ಎಂದು ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಪೇಟೆಯ ಡಾಕ್ಟರಲ್ಲಿಗೆ ಹೋದೆ. ಮುದುಕ ಡಾಕ್ಟರು, ಮಧ್ಯಾಹ್ನದ ಹೊತ್ತು, ಬೇರೆ ಯಾರೂ ಇರಲಿಲ್ಲ. ಅವರು ನನ್ನ ತೋಳಿಗೇ ಮೊದಲು ತಮ್ಮದನ್ನು ಕಟ್ಟಿದರು, ಆಮೇಲೆ ಅಕ್ಕನದನ್ನು ಕಟ್ಟಿದರು. ಎರಡೂ ಒಂದೇ ಮಾತು ಹೇಳಿದವು. “ಒಳ್ಳೆ ಮಶೀನು, ಯಾರು ಆರಿಸಿದ್ದು?” ಎಂದರು ಡಾಕ್ಟರು. ಅವರು ಮತ್ತೆಯೂ ಏನೇನೋ ಹೇಳಿದರು, ಒಂದು ಚೀಟಿಯನ್ನೂ ಕೊಟ್ಟರು. ನನ್ನ ತಲೆ ಅಲ್ಲಿರಲಿಲ್ಲ. ಇದನ್ನು ಅಕ್ಕನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಅವಳ ಮನೆಯ ಮೆಟ್ಟಿಲು ಹತ್ತುವಾಗ, ಹೇಳುವುದೇ ಬೇಡ ಎಂದು ತೀರ್ಮಾನಿಸಿದೆ.

ಅಕ್ಕ ಜಗಲಿಯಲ್ಲಿ ಅಲಸಂಡೆ ಮುರಿಯುತ್ತಿದ್ದಳು. “ಇದು ಹಾಳು, ಅಕ್ಕ,” ಎಂದೆ. “ಮೂರು ಸಲ ಕಟ್ಟಿದರೆ ಮೂರು ತರ ತೋರಿಸ್ತದೆ. ಭಾವ ಹೇಳಿದ್ದೇ ಸರಿ.” ಅವಳು ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟಳು. ಎಷ್ಟು ಕಾಲದಿಂದ ಹಿಡಿದಿಟ್ಟ ಉಸಿರೋ ಏನೋ. ಸುಳ್ಳು ಹೇಳಿ ಇಷ್ಟು ಪುಣ್ಯ ಬರುವುದಾದರೆ ಇನ್ನೂ ನಾಲ್ಕು ಹೇಳಬಹುದಿತ್ತು ಎಂದು ನನಗೆ ತೋರಿತು.

“ಬಚಾವು ಮಾರಾಯ. ಹಾಗಾದ್ರೆ ನನ್ನದೂ ಸುಳ್ಳೇ,” ಎಂದಳು.

“ನಿನ್ನದೆಂಥದ್ದು?”

“ದಿನಾ ಬೆಳಿಗ್ಗೆ ನಾನೂ ಕಟ್ಟಿ ನೋಡ್ತಾ ಇದ್ದೆ. ನೂರೆಂಬತ್ತರ ಮೇಲೆಯೇ ಉಂಟು. ಕುತ್ತಿಗೆಯ ಹಿಂದೆ ಹಿಡಿದ ಹಾಗೆ ಆಗ್ತದೆ, ಕಣ್ಣು ಕತ್ತಲೆ ಬರ್ತದೆ. ಅವರ ಹಾಗೆಯೇ ಆಗ್ತದಾ ಅಂತ ಹೆದರಿಕೆ ಆಗಿತ್ತು. ಇನ್ನು ಡಾಕ್ಟರು ಗೀಕ್ಟರು ಎಂಥದ್ದೂ ಬೇಡ.”

ನನ್ನ ಪುಣ್ಯವೆಲ್ಲ ಮೆಟ್ಟಿಲಿಳಿದು ಹೋಯಿತು. ‘ಯಾವುದಕ್ಕೂ ಒಮ್ಮೆ ಹೋಗಿ ಬರುವ, ಅಕ್ಕ, ಸುಮ್ಮನೆ ತೋರಿಸುವ’ ಎಂದು ಗೋಗರೆದೆ. “ಹಾಳು ಮಶೀನಿನ ಮಾತು ಕೇಳಿ ಡಾಕ್ಟರಲ್ಲಿಗೆ ಹೋಗುವುದಾ? ನಿನಗೆ ಮರ್ಲು ಹಿಡಿದಿದೆಯಾ?” ಎಂದು ಅವಳು ಅಲಸಂಡೆ ಮುರಿಯುವುದನ್ನು ಮುಂದುವರಿಸಿದಳು. ಸುಳ್ಳಿನ ಕಷ್ಟವೇ ಇದು, ಹೇಳುವಾಗ ಬೆಣ್ಣೆ, ವಾಪಸು ತೆಗೆಯುವಾಗ ಗಂಟಲ ಮುಳ್ಳು. ಕೊನೆಗೆ ಅವಳ ಪಕ್ಕದಲ್ಲಿ ಕೂತು, ಮುಖ ನೋಡದೆ, “ಅಕ್ಕ, ಮಶೀನು ಒಳ್ಳೆಯದೇ. ಡಾಕ್ಟರಲ್ಲಿ ತೋರಿಸಿಯೇ ಬಂದೆ,” ಎಂದೆ.

ಅವಳ ಕೈ ನಿಂತಿತು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿಲ್ಲ. ಅವಳು ಹೇಳಿದ್ದು ಇದು: “ನನಗೆ ಗೊತ್ತಿತ್ತು ತಮ್ಮಾ. ಆ ದಿನ ನೀನು ಹೋದ ಮೇಲೆ ನಾನು ಒಳಗೆ ಚಾ ಇಡ್ತಾ ಇದ್ದೆ. ಗುಂಯ್ ಅಂತ ಕೇಳಿತು. ಇಣುಕಿ ನೋಡಿದರೆ ಅವರು ಒಬ್ಬರೇ ಕೂತು ಪಟ್ಟಿ ಕಟ್ಟಿಕೊಂಡಿದ್ದರು. ಬಿಚ್ಚಿದರು, ಪುನಃ ಕಟ್ಟಿದರು. ಹಾಳು ಮಾಲನ್ನು ಅವರು ಎರಡನೇ ಸಲ ಮುಟ್ಟಿದ್ದನ್ನು ನೀನು ನೋಡಿದ್ದೀಯಾ? ಮಗಳ ಸೀಮಂತ ಆಗ್ಲಿ ಅಂತ ಕಾದರೋ ಏನೋ. ನಾನೂ ನೋಡದ ಹಾಗೆ ಮಾಡಿದೆ. ನೀನಾದರೂ ಹಾಳು ಅಂತ ಹೇಳಿದರೆ ನಂಬುವ ಅಂತ ಇದ್ದೆ.” ಬುಟ್ಟಿಯಲ್ಲಿದ್ದ ಅಲಸಂಡೆಯನ್ನು ನಾನೂ ಮುರಿಯತೊಡಗಿದೆ. ಹುಳ ಹಿಡಿದದ್ದನ್ನು, ಒಳ್ಳೆಯದನ್ನು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದೆ. ಅವಳು ಸುಮ್ಮನೆ ಒಂದೊಂದಾಗಿ ಆರಿಸಿ ತೆಗೆದಳು.

ಮರುದಿನ ಇಬ್ಬರೂ ಡಾಕ್ಟರಲ್ಲಿಗೆ ಹೋದೆವು. ಅವರು ಅಕ್ಕನ ಬಿ.ಪಿ. ನೋಡಿ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಗದರಿ, ಮಾತ್ರೆ ಬರೆದುಕೊಟ್ಟರು, ಉಪ್ಪು ಕಡಿಮೆ ಮಾಡಿ ಎಂದರು, ಸರಿಯಾದ ಸಮಯಕ್ಕೆ ಬಂದಿರಿ ಎಂದೂ ಹೇಳಿದರು. ನನ್ನ ಎದೆಯ ಮೇಲಿನ ಒಂದು ಕಲ್ಲು ಇಳಿಯಿತು. ಎದ್ದು ಬಾಗಿಲವರೆಗೆ ಬಂದಿದ್ದೆವು. ಆಗ ಡಾಕ್ಟರು ಹಿಂದಿನಿಂದ, “ನಿಮ್ಮ ಮಾತ್ರೆ ಶುರು ಮಾಡಿದ್ದೀರಲ್ಲ? ನಿನ್ನೆ ಎರಡು ಮಶೀನಿನಲ್ಲಿಯೂ ನೂರೆಪ್ಪತ್ತು ದಾಟಿತ್ತು. ಮನೆಯಲ್ಲಿ ಹೇಳಿದ್ದೀರಾ?” ಎಂದು ನನ್ನನ್ನು ಕೇಳಿದರು. ಚೀಟಿ ನನ್ನ ಅಂಗಿಯ ಕಿಸೆಯಲ್ಲಿ ಮಡಚಿದ ಹಾಗೆಯೇ ಇತ್ತು. ಪ್ರೇಮಳ ತಮ್ಮನ ಮದುವೆಗೆ ಇನ್ನು ಸ್ವಲ್ಪ ದಿನ ಇತ್ತು, ಅದು ಕಳೆಯಲಿ ಎಂದು ಇದ್ದೆ.

ಅಕ್ಕ ಬಸ್ಸು ನಿಲ್ಲುವಲ್ಲಿಗೆ ಬಿರಬಿರನೆ ನಡೆದಳು. “ನೀವು ಗಂಡಸರೆಲ್ಲ ಒಂದೇ ಕಂಪೆನಿಯ ಮಾಲು,” ಎಂದಳು ಅಲ್ಲಿ ನಿಂತು. ಆಮೇಲೆ ಚೀಲದಿಂದ ತನ್ನ ಮೊಬೈಲು ತೆಗೆದು, ನನ್ನ ಎದುರೇ ಪ್ರೇಮಳಿಗೆ ಫೋನು ಮಾಡಿದಳು. ಹೇಳಲು ಬಾಯಿ ತೆರೆದವಳಿಗೆ ಅಳು ಬಂದುಬಿಟ್ಟಿತು, ಬೊಜ್ಜದ ದಿನವೂ ಹಾಗೆ ಅತ್ತಿರಲಿಲ್ಲ. ಆ ಕಡೆಯಿಂದ ಪ್ರೇಮ ಹೆದರಿ, ‘ಎಂಥ ಆಯ್ತು? ಅವರಿಗೆ ಎಂಥ ಆಯ್ತು?’ ಎಂದು ಕೂಗುತ್ತಿದ್ದಳು. ಬಸ್ಸುಗಳ ಹಾರ್ನು, ಕಂಡಕ್ಟರುಗಳ ಬೊಬ್ಬೆಯ ನಡುವೆಯೂ ಅವಳ ಒಂದೊಂದು ಮಾತು ಎರಡು ಹೆಜ್ಜೆ ದೂರ ನಿಂತ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಭಾವ ಆರಿಸಿ ತಂದುಕೊಟ್ಟ ಫೋನು ಅದು.