ಅಂಜಿಕೆಯ ಧಾರಣೆ

ಗೇಟಿನ ಪಹರೆಯವನನ್ನು ರಾಜಪ್ಪ ಬೆಲ್ಲದ ಪೆಂಟಿಯನ್ನು ನೋಡುವಂತೆ ನೋಡಿದ. ಬಣ್ಣ ಕೆಂಪು, ಮೈ ಗಟ್ಟಿ, ಆಕಾರದಲ್ಲಿ ಕೊರತೆಯಿಲ್ಲ. ಮೀಸೆಗೆ ಎಣ್ಣೆ ಬಿದ್ದಿದೆ, ಅಂದರೆ ಜೋಪಾನ ಮಾಡಿದ ಮಾಲು. ಬೂಟಿನ ಹಿಮ್ಮಡಿ ಸವೆದಿದೆ, ಅಂದರೆ ನಿಂತು ನಿಂತು ಬೇಸತ್ತ ಮಾಲು. ಇಂಥದ್ದು ಬೇಗ ಕರಗುತ್ತದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡ. ಗೋಕಾಕದ ಬೆಲ್ಲದ ಪೇಟೆಯಲ್ಲಿ ರಾಜಪ್ಪನ ಅಂದಾಜು ತಪ್ಪಿದ್ದನ್ನು ಕಂಡವರಿಲ್ಲ. ಆದರೆ ಇದು ಗೋಕಾಕವಲ್ಲ, ದಿಲ್ಲಿ.

ಅರವತ್ತೈದನೆಯ ಇಸವಿ. ಪಾಕಿಸ್ತಾನದ ಜೊತೆಗಿನ ಲಡಾಯಿ ನಿಂತು, ದೀಪಾವಳಿಯೂ ಕಳೆದಿತ್ತು. ದಿಲ್ಲಿಯಲ್ಲಿದ್ದ ಮಗಳಿಗೆ ಎರಡನೆಯ ಗಂಡು ಹುಟ್ಟಿತ್ತು. ಹುಕ್ಕೇರಿಯ ಅಳಿಯ ಕೇದಾರಿ ಅಲ್ಲಿ ಸರಕಾರಿ ನೌಕರ. ಮೊದಲ ಮಗನಿಗೆ ಕೇದಾರಿಯ ಅಪ್ಪನ ಹೆಸರಿಟ್ಟಾಗಿತ್ತು. ಈ ಸಲದ ಹೆಸರು ಹೆಣ್ಣಿನ ಕಡೆಯದು, ತೊಟ್ಟಿಲಿಗೆ ಹಾಕುವ ಹೊತ್ತಿಗೆ ಹಿರಿಯರು ಬಂದು ಏನು ಹೇಳುತ್ತಾರೋ ಅದೇ ಎಂದು ಮಗಳು ತಿಳಿಸಿದ್ದಳು. ತನ್ನ ಅಪ್ಪ ಗುರಸಿದ್ದಪ್ಪನ ಹೆಸರೇ ಎಂದು ರಾಜಪ್ಪ ರೈಲು ಹತ್ತುವ ಮೊದಲೇ ಸಾರಿಬಿಟ್ಟಿದ್ದ.

"ನಮ್ಮಪ್ಪ ಮಾಯಪ್ಪಂದೂ ಒಂದು ಹೆಸರು ಐತ್ರಿ," ಎಂದಿದ್ದಳು ಹೆಂಡತಿ ಶಿವಗಂಗವ್ವ.

"ಆ ಸೌದಾ ಮುಗದೈತಿ."

"ಯಾರ ಜೋಡಿ ಮುಗದೈತ್ರಿ?"

"ನನ್ನ ಜೋಡಿ."

ಶಿವಗಂಗವ್ವ ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಅವಳು ಸುಮ್ಮನಾದರೆ ಸೋತಳೆಂದು ಅರ್ಥವಲ್ಲ. ಇದನ್ನು ರಾಜಪ್ಪ ಇಷ್ಟು ವರ್ಷ ಸಂಸಾರ ಮಾಡಿಯೂ ಕಲಿತಿರಲಿಲ್ಲ.

ದಿಲ್ಲಿಯ ಸ್ಟೇಶನ್ನಿನಲ್ಲಿ ಗಂಟು ಬಿಚ್ಚಿಸಿದರು. ಕಟ್ಟಿಕೊಂಡು ಟಾಂಗಾ ಹತ್ತಿದರೆ ಸೇತುವೆಯ ಮೇಲೆ ಮತ್ತೆ ಬಿಚ್ಚಿಸಿದರು. ಈಗ ಅಳಿಯನ ಕಾಲನಿಯ ಗೇಟು, ಅವತ್ತೇ ಮಧ್ಯಾಹ್ನ ತೊಟ್ಟಿಲ ಶಾಸ್ತ್ರ. ಎರಡೂ ಬದಿಗೆ ಮರಳಿನ ಚೀಲ ಒಟ್ಟಿದ್ದರು, ಕಿಟಕಿಯ ಗಾಜಿಗೆಲ್ಲ ಕಾಗದ ಅಂಟಿಸಿದ್ದರು. ರಾಜಪ್ಪನಿಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ ಹುಟ್ಟಿತ್ತು.

"ಲಡಾಯಿ ನಿಂತೈತಿ. ಅಂಜಿಕಿ ಧಾರಣಿ ಯಾಕ ಇಳಿದಿಲ್ಲ? ಹಿಂಗ ಗಿರಾಕಿ ಇಲ್ಲದಿದ್ರೂ ಧಾರಣಿ ಇಳೀದ ಪೇಟಿ ನಾ ಎಲ್ಲೂ ನೋಡಿಲ್ಲ. ಈ ಗೇಟಿನ್ಯಾಗ ನಾ ಇಳಸ್ತೇನಿ, ನೋಡ."

"ಇಳಸ್ರಿ. ಅಲ್ಲೀತನಕ ಹೊತ್ತು ಏರತೈತಿ."

ಪಹರೆಯವನು ಟಾಂಗಾದೊಳಗೆ ಇಣುಕಿದ. ಗಂಟು ಐದು. ಕಡಕ್ ರೊಟ್ಟಿಯದು ಒಂದು, ಗುರೆಳ್ಳು ಹಿಂಡಿಯದು ಒಂದು, ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಯದು ಒಂದು, ಕೂಸಿಗೆ ಹೊಲಿದ ಕೌದಿಯದು ಒಂದು, ಬೆಲ್ಲದ ಪೆಂಟಿಯದು ಒಂದು.

"ಎಲ್ಲ ಬಿಚ್ಚಿ," ಎಂದ ಹಿಂದಿಯಲ್ಲಿ.

ಐದು ಗಂಟು ಬಿಚ್ಚಿ ಕಟ್ಟುವಷ್ಟರಲ್ಲಿ ಮೊಮ್ಮಗ ತೊಟ್ಟಿಲು ಬಿಟ್ಟು ಸಾಲಿಗೆ ಹೋಗುತ್ತಾನೆ ಎನಿಸಿತು ರಾಜಪ್ಪನಿಗೆ. ಐದು ಹೆಚ್ಚಾಯಿತು, ಎರಡೇ ಗಂಟು ಬಿಚ್ಚುವಂತೆ ಸೌದಾ ಮುಗಿಸಬೇಕು. ಅವನ ಹಿಂದಿ ಕೊಲ್ಲಾಪುರದ ಅಡತಿ ಅಂಗಡಿಗಳಲ್ಲಿ ಕಲಿತದ್ದು, ಅದರಲ್ಲಿ ಮಾತಿಗಿಂತ ಬೆರಳು ಹೆಚ್ಚು. ವಲ್ಲಿಯನ್ನು ಬೀಸಿ ಪಹರೆಯವನ ಬಲಗೈ ಮೇಲೆ ಹೊದಿಸಿದ. ಪೇಟೆಯಲ್ಲಿ ನಾಲ್ಕು ಜನರ ನಡುವೆ ಗುಟ್ಟಾಗಿ ಧಾರಣೆ ಕುದುರಿಸುವಾಗ ಮಾಡುವಂತೆ ವಲ್ಲಿಯೊಳಗೆ ಕೈಹಾಕಿ, ಅವನ ಎರಡು ಬೆರಳು ಹಿಡಿದು ಮೆತ್ತಗೆ ಒತ್ತಿದ.

ಪಹರೆಯವನ ಕಣ್ಣು ದೊಡ್ಡವಾದವು.

ಮಾಲು ಹೆಚ್ಚಿನ ಬೆಲೆಗೆ ಜಗ್ಗುತ್ತಿದೆ ಎಂದುಕೊಂಡ ರಾಜಪ್ಪ ಮೂರನೆಯ ಬೆರಳನ್ನೂ ಹಿಡಿದ. ಪಹರೆಯವನು ಕೈ ಕಿತ್ತುಕೊಳ್ಳಲು ನೋಡಿದ. ಒಳ್ಳೆಯ ವ್ಯಾಪಾರಿ ಇಂಥ ಹೊತ್ತಿನಲ್ಲಿ ಕೈ ಬಿಡುವುದಿಲ್ಲ. ಧಾರಾಳ ಮನಸ್ಸಿನಿಂದ ಇನ್ನೊಂದು ಬೆರಳನ್ನು ಅರ್ಧಕ್ಕೆ ಮಡಿಸಿದ. ಮೂರೂವರೆ.

"ಹಾಡಹಗಲಲ್ಲಿ ನನಗೆ ಲಂಚದ ಬೆಲೆ ಹೇಳ್ತೀರಾ, ಸೇಠಜೀ?"

"ಲಂಚಲ್ಲೋ ಮಾರಾಯಾ, ಗಂಟು, ಗಂಟು," ಎಂದು ರಾಜಪ್ಪ ಕನ್ನಡದಲ್ಲೇ ಬಡಬಡಿಸಿದ. ಕೊಲ್ಲಾಪುರದ ಹಿಂದಿ ಅಷ್ಟು ಹೊತ್ತಿಗೆ ಕೊಲ್ಲಾಪುರಕ್ಕೇ ಹೋಗಿತ್ತು.

"ಆ ಚೀಲದ ಮೇಲೆ ಕೂತಿರಿ. ನಿಮ್ಮನ್ನು ಬಲ್ಲ ಕಾಲನಿಯವರು ಬಂದು ಹೇಳುವವರೆಗೆ ಏಳಬೇಡಿ."

ಶಿವಗಂಗವ್ವ ಆಗಲೇ ಟಾಂಗಾದಿಂದ ಇಳಿದಿದ್ದಳು. ಕೌದಿಯನ್ನು ನೆಲಕ್ಕೆ ಹಾಸಿ ಉಳಿದ ನಾಲ್ಕೂ ಗಂಟುಗಳನ್ನು ಸಂತೆಯಲ್ಲಿ ಹರವಿದಂತೆ ಹರವಿದಳು. ಪಹರೆಯವನು ಗುರೆಳ್ಳು ಹಿಂಡಿಯ ಕಪ್ಪು ಪುಡಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಬಂದೂಕಿನ ಮದ್ದು ಅದೇ ಬಣ್ಣದ್ದು. ಅವಳು ರೊಟ್ಟಿ ಮುರಿದು, ಪುಡಿ ಹಚ್ಚಿ, ತಾನು ಕಟಂ ಎಂದು ಕಡಿದು, ಇನ್ನೊಂದು ಚೂರನ್ನು ಅವನ ಮುಂದೆ ಹಿಡಿದಳು. ಅವನು ಮೂಸಿ ನೋಡಿ, ಸೀನಿ, ತಿಂದ. ಉಂಡಿಯನ್ನು ಬೆರಳಿನಿಂದ ಬಡಿದು ನೋಡಿದ. ಕೊನೆಗೆ ಚಾಕುವಿನಿಂದ ಬೆಲ್ಲದ ಪೆಂಟಿಯ ಒಂದು ಮೂಲೆ ಒಡೆದು ಒಳಗೆ ಕಣ್ಣಾಡಿಸಿದ.

"ಮಂಗಳ ಕಾರ್ಯದ ಪೆಂಟಿ ಒಡದಾನಲ್ಲ! ಇದು ಜಾಸ್ತಿ ಆತು," ಎಂದು ರಾಜಪ್ಪ ಮರಳಿನ ಚೀಲದ ಮೇಲಿಂದಲೇ ಕೂಗಿದ.

ಶಿವಗಂಗವ್ವ ತಿರುಗಿ ನೋಡಿದಳು. "ನಮ್ಮ ಲಗ್ನ ಆದ ವರ್ಷ ಮ್ಯಾಲವಂಕಿಯಿಂದ ನಮ್ಮಪ್ಪ ಬೆಲ್ಲ ತಂದಾಗ, ಪೇಟಿ ಮಂದಿ ಮುಂದ ನೀವು ಎಷ್ಟು ಪೆಂಟಿ ಒಡದ್ರಿ?"

"ಅದು ವ್ಯಾಪಾರ. ಒಳಗ ಕಲ್ಲು ಇರತಾವು."

"ಇದ್ದೂವೇನ್ರಿ?"

ರಾಜಪ್ಪ ಕಾಲಬುಡದ ಮರಳನ್ನು ನೋಡತೊಡಗಿದ. ಪಹರೆಯವನು ಅವಳಿಗೆ ಹೋಗಬಹುದೆಂದು ಕೈಸನ್ನೆ ಮಾಡಿದ, ಗಂಟು ಕಟ್ಟಿಕೊಂಡು ಶಿವಗಂಗವ್ವ ಟಾಂಗಾ ಹತ್ತಿದಳು. "ನೀವು ಚೌಕಾಶಿ ಮುಗಿಸಿ ನಿವಾಂತ ಬರ್ರಿ."

"ಹೆಸರು ನೆನಪೈತಿಲ್ಲ?"

"ಮರತರ ಹೆಂಗ್ರಿ," ಎಂದಳು. ಟಾಂಗಾ ಒಳಗೆ ಹೋಯಿತು.

ಸೂರ್ಯ ನೆತ್ತಿಗೆ ಬಂದ. ತೊಟ್ಟಿಲ ಹೊತ್ತು ಅದೇ. ಅಲ್ಲಿ ಮೊಮ್ಮಗನ ಕಿವಿ, ಇಲ್ಲಿ ತಾನು, ನಡುವೆ ಒಂದು ಗೇಟು. ರಾಜಪ್ಪ ಕೆಮ್ಮಿದ, ಎದ್ದ, ಮತ್ತೆ ಕೂತ. ಪಹರೆಯವನು ಅವನ ಒಣಗಿದ ಮುಖ ನೋಡಿ ಡಬ್ಬಿ ತೆರೆದು, ತನ್ನ ರೊಟ್ಟಿಯಲ್ಲಿ ಅರ್ಧ, ಉಳ್ಳಾಗಡ್ಡಿಯಲ್ಲಿ ಅರ್ಧ ಅವನ ಕೈಗಿಟ್ಟ. ಹೊಟ್ಟೆಗೆ ಬಿದ್ದ ಕೂಡಲೇ ರಾಜಪ್ಪನಿಗೆ ಹಿಂದಿಯೂ ಮರಳಿತು, ಕುತೂಹಲವೂ ಮರಳಿತು.

"ಇಷ್ಟು ದಿನ ಬಿಚ್ಚಿಸೀರಲ್ಲ, ಏನರ ಸಿಕ್ಕೈತೇನು?"

"ಉಪ್ಪಿನಕಾಯಿ. ಬಹಳ ಉಪ್ಪಿನಕಾಯಿ."

"ಹಂಗಾದ್ರ ಯಾಕ ಬಿಚ್ಚಸೂದು?"

"ಶುರುಮಾಡಲು ಹುಕುಂ ಬಂತು. ನಿಲ್ಲಿಸಲು ಬಂದಿಲ್ಲ." ಅವನು ಉಳ್ಳಾಗಡ್ಡಿ ಕಡಿದ. "ನನಗೂ ಒಮ್ಮೊಮ್ಮೆ ಅತಿ ಅನಿಸುತ್ತದೆ. ಆದರೆ ಬಿಚ್ಚಿಸದೆ ಬಿಟ್ಟ ಗಂಟಿನಲ್ಲೇ ಏನಾದರೂ ಇದ್ದರೆ, ಆಮೇಲೆ ನಾನು ಯಾರ ಬಾಗಿಲಲ್ಲಿ ನಿಲ್ಲಲಿ?"

ಪೆಂಟಿ ಒಡೆಯುವಾಗ ತುಕ್ಕಾನಟ್ಟಿಯ ರೈತರಿಗೆ ರಾಜಪ್ಪ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇದೇ ಮಾತು. ಧಾರಣೆ ಏರಿಸಲು ಒಬ್ಬ ಸಾಕು. ಇಳಿಸುವ ಧೈರ್ಯದವನು ಯಾವ ಪೇಟೆಯಲ್ಲೂ ಇಲ್ಲವೇನೋ ಎಂದುಕೊಂಡ. ಆಮೇಲೆ ವಲ್ಲಿ ಹಾಸಿ, ಗಂಟು ಐದು, ಬಿಚ್ಚುವುದು ಎರಡು ಎಂದು ಬೆರಳಿನ ಲೆಕ್ಕ ಬಿಡಿಸಿ ಹೇಳಿದ.

ಪಹರೆಯವನು ಹೊಟ್ಟೆ ಹಿಡಿದು ನಕ್ಕ. "ನಮ್ಮಪ್ಪ ಎತ್ತು ಮಾರುತ್ತಿದ್ದುದೂ ಹೀಗೆಯೇ. ನನಗೆ ಈ ಬೆರಳಿನ ಭಾಷೆ ಬರದಿದ್ದರೆ ನೀವು ಕೈ ಕುಲುಕಿದಿರಿ ಅಂದುಕೊಂಡು ಒಳಗೆ ಬಿಡುತ್ತಿದ್ದೆ. ಬರುವುದರಿಂದಲೇ ಕೂರಿಸಿದೆ."

ಅಷ್ಟರಲ್ಲಿ ಕೇದಾರಿ ಓಡುತ್ತಾ ಬಂದ. ಇವರು ನಮ್ಮ ಮಾವನವರೇ ಎಂದು ಪಹರೆಯವನಿಗೆ ಖಾತ್ರಿ ಹೇಳಿದ. ಕೈಯಲ್ಲಿ ತೊಟ್ಟಿಲ ಶಾಸ್ತ್ರದ ಕಡಲೆಗುಗ್ಗರಿ ಇತ್ತು.

"ಮುಗೀತೇನು?" ಎಂದ ರಾಜಪ್ಪ.

"ಮುಗೀತ್ರಿ ಮಾವಾರ. ಅತ್ತಿ ನಿಮ್ಮ ದಾರಿ ನೋಡಿದ್ರು. ಹೊತ್ತು ಮೀರಾಕತ್ತಿತ್ತು, ತಾವ ಕೂಸಿನ ಕಿವ್ಯಾಗ ಹೆಸರು ಹೇಳಿಬಿಟ್ರು. ನೀವು ಗೇಟಿನ್ಯಾಗ ಕೂತೀರಿ ಅಂತ ಆಮ್ಯಾಲ ಹೇಳಿದ್ರು."

"ಗುರಸಿದ್ದಪ್ಪ?"

ಕೇದಾರಿ ಪಹರೆಯವನ ಕಡೆ ನೋಡಿದ, ಮರಳಿನ ಚೀಲದ ಕಡೆ ನೋಡಿದ. "ಮಾಯಪ್ಪ ಅಂತ್ರಿ."

ಮನೆಯಲ್ಲಿ ಶಿವಗಂಗವ್ವ ಕೌದಿಯೊಳಗಿನ ಮೊಮ್ಮಗನನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. "ತಗೋರಿ, ಮಾಯಪ್ಪ. ಒಡದು ನೋಡಬ್ಯಾಡ್ರಿ, ಒಳಗ ಕಲ್ಲಿಲ್ಲ."

ರಾಜಪ್ಪ ಈಗಲೂ ಪೆಂಟಿ ಒಡೆದು ನೋಡುತ್ತಾನೆ. ಒಡೆಯುವ ಮೊದಲು ರೈತನ ಮುಖವನ್ನೊಮ್ಮೆ ನೋಡುತ್ತಾನೆ, ಅಷ್ಟೇ ವ್ಯತ್ಯಾಸ. ದಿಲ್ಲಿಯಿಂದ ಬಂದವರು ಸಿಕ್ಕರೆ ಅಂಜಿಕೆಯ ಧಾರಣೆ ಇಳಿಯಿತೇ ಎಂದು ವಿಚಾರಿಸುತ್ತಾನೆ. ಆ ಪಹರೆಯವನಿಗೆ ಅವನು ಅರ್ಧ ರೊಟ್ಟಿ, ಅರ್ಧ ಉಳ್ಳಾಗಡ್ಡಿ ಕೊಡುವುದು ಇನ್ನೂ ಬಾಕಿ ಇದೆ.