ಕೊನೆಯ ಸುತ್ತು ನಾನು ಕಂಡಿಲ್ಲ

ಒಂದು ಸಲ ಆದರೆ ಗ್ರಹಚಾರ ಅಂತ ಸುಮ್ಮನಿರಬಹುದು. ಹೋದ ಹೋದಲ್ಲೆಲ್ಲ ಅದೇ ಆದರೆ ಮನುಷ್ಯ ಯಾರ ಹತ್ತಿರ ಜಗಳ ಮಾಡಬೇಕು, ನೀವೇ ಹೇಳಿ ಮಾರಾಯ್ರೆ.

ನಾನು ಮೂಡುಬಿದಿರೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವ. ಬೆಳಗ್ಗಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು "ನಿಧಾನ, ನಿಧಾನ, ಕ್ಲಚ್ ಒತ್ತು" ಅಂತ ಬೊಬ್ಬೆ ಹೊಡೆದು ಹೊಟ್ಟೆ ಹೊರೆಯುವುದು. ಇಡೀ ದಿನ ಇಪ್ಪತ್ತರ ಸ್ಪೀಡಿನಲ್ಲಿ ಹೋಗುವವನಿಗೆ, ಮುನ್ನೂರರಲ್ಲಿ ಹೋಗುವವರನ್ನು ನೋಡುವ ಆಸೆ ಇರಬಾರದಾ? ತೊಂಬತ್ತರ ದಶಕದಲ್ಲಿ ನಮ್ಮ ಮನೆಯ ಟಿವಿಯಲ್ಲಿ ಕಾರ್ ರೇಸ್ ಬರುತ್ತಿರಲಿಲ್ಲ. ನೋಡಬೇಕಾದರೆ ಗಲ್ಫಿಗೇ ಹೋಗಬೇಕು. ಹೋದೆ. ಒಂದಲ್ಲ, ಮೂರು ಸಲ ಹೋದೆ. ಒಂದೇ ಒಂದು ರೇಸನ್ನು ಕೊನೆಯವರೆಗೆ ನೋಡಬೇಕು, ಆ ಕಪ್ಪು ಬಿಳಿ ಚೌಕದ ಬಾವುಟ ಬೀಸುವುದನ್ನು ಈ ಕಣ್ಣಿನಿಂದ ಕಾಣಬೇಕು, ಅಷ್ಟೇ ನನಗೆ ಬೇಕಾದದ್ದು. ಜನ ಬಿಟ್ಟರಾ? ಕೇಳಿ.

ಯಾವ ದೇವರಿಗೆ?

ಮೊದಲು ಹೋದದ್ದು ದುಬೈಗೆ, ಅಕ್ಕನ ಮನೆಗೆ. ಬಾವ ಡ್ಯೂಟಿಯಲ್ಲಿದ್ದರು. ಮನೆಯಲ್ಲಿ ಅಕ್ಕ, ಮತ್ತೆ ಪೊಳಲಿಯಿಂದ ಬಂದಿದ್ದ ಅವಳ ಅತ್ತೆ. ಆದಿತ್ಯವಾರ ಸಂಜೆ ನಾನು ಟಿವಿ ಎದುರು ಕೂತೆ. ಅತ್ತೆಯೂ ಬಂದು ಸೋಫಾದಲ್ಲಿ ಕಾಲು ಮಡಚಿ ಕೂತರು.

"ಇವರೆಲ್ಲ ಎಲ್ಲಿಗೆ ಹೋಗುವುದು?"

"ಎಲ್ಲಿಗೂ ಇಲ್ಲ ಅತ್ತೆ. ಸುತ್ತು ಬರುವುದು."

"ಎಷ್ಟು ಸುತ್ತು?"

"ಅರವತ್ತು ಚಿಲ್ಲರೆ."

ಅತ್ತೆಗೆ ಭಕ್ತಿಯೇ ಬಂತು. "ಅಬ್ಬ! ಯಾವ ದೇವರಿಗೆ?"

ಇದು ಹರಕೆ ಅಲ್ಲ, ಪಂದ್ಯ ಅಂತ ನಾನು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಬೆರಳು ಮಡಚಿ ಮಡಚಿ ಸುತ್ತು ಎಣಿಸಲಿಕ್ಕೆ ಶುರು ಮಾಡಿದರು. ಎಣಿಸಲಿ, ನನಗೇನು ತೊಂದರೆ? ಒಂದು ಗಂಟೆ ಇಪ್ಪತ್ತು ನಿಮಿಷ ಇಬ್ಬರೂ ಒಳ್ಳೆಯ ಮಕ್ಕಳ ಹಾಗೆ ಕೂತೆವು. ಇನ್ನು ಐದೇ ಸುತ್ತು. ಮೊದಲಿನವನ ಬೆನ್ನಿಗೇ ಎರಡನೆಯವ ಅಂಟಿಕೊಂಡು ಬರ್ತಾ ಇದ್ದಾನೆ. ನನ್ನ ಕಾಲು ತನ್ನಷ್ಟಕ್ಕೆ ಬ್ರೇಕ್ ಒತ್ತುತ್ತಾ ಉಂಟು. ಅಷ್ಟರಲ್ಲಿ ಅತ್ತೆ ಧಡಕ್ಕನೆ ಎದ್ದರು.

"ಇವರು ಎಡಕ್ಕೆ ಸುತ್ತುವುದಲ್ಲವಾ?"

"ಹೌದು ಅತ್ತೆ, ಕೆಲವು ಕಡೆ ಹಾಗೆ."

"ಅಯ್ಯೋ ದೇವರೇ, ಅಪ್ರದಕ್ಷಿಣೆ! ಹೆಣಕ್ಕೆ ಬರುವುದು ಹಾಗೆ! ದೀಪ ಇಡುವ ಹೊತ್ತಿಗೆ ಮನೆಯೊಳಗೆ ಇದಾ? ಬಂದ್ ಮಾಡು!"

ಅಕ್ಕ ಅಡುಗೆಮನೆಯಿಂದ ಓಡಿ ಬಂದು ಟಿವಿ ಬಂದ್ ಮಾಡಿಯೇಬಿಟ್ಟಳು. ಸ್ವಂತ ಅಕ್ಕ! "ಐದೇ ಸುತ್ತು ಉಳಿದದ್ದು ಅತ್ತೆ" ಅಂತ ಕೈ ಮುಗಿದೆ. "ಉಳಿದ ಐದನ್ನು ನೀನು ಹಾಕು, ಬಲಕ್ಕೆ. ಮನೆಯ ದೋಷವಾದರೂ ಹೋಗ್ತದೆ" ಅಂದರು.

ಬಾಲ್ಕನಿಯ ತುಳಸಿ ಕುಂಡಕ್ಕೆ ನಾನು ಐದು ಸುತ್ತು ಬಂದೆ. ಆ ರೇಸ್ ಮುಗಿಸಿದ್ದು ನಾನೇ ಅಂತ ಲೆಕ್ಕ.

ಇಗೋ ನಿನ್ನ ರೇಸ್

ಹದಿನೈದು ದಿನ ಬಿಟ್ಟು ಇನ್ನೊಂದು ರೇಸ್ ಇತ್ತು. ಇದು ಬಲಕ್ಕೆ ಸುತ್ತುವಂಥದ್ದು ಅಂತ ಮೊದಲೇ ವಿಚಾರಿಸಿ, ಅತ್ತೆಗೂ ತಿಳಿಸಿ, ಅನುಮತಿ ತೆಗೆದುಕೊಂಡು ಕೂತಿದ್ದೆ. ಅರ್ಧ ಆಗುವಷ್ಟರಲ್ಲಿ ಕರೆಗಂಟೆ ಹೊಡೆಯಿತು. ಪಕ್ಕದ ಫ್ಲ್ಯಾಟಿನ ಹೆಂಗಸು, ಬಂಟ್ವಾಳದ ಬ್ಯಾರಿ ಮುಸ್ಲಿಮರ ಮನೆಯವರು. ಕೈಯಲ್ಲಿ ಒಂದು ವಿಡಿಯೋ ಕ್ಯಾಸೆಟ್.

"ತಂಗಿಯ ಮದುವೆಯದ್ದು ಅಣ್ಣ, ಇವತ್ತು ಊರಿಂದ ಬಂತು. ನಮ್ಮ ವಿಸಿಆರ್ ಹಾಳಾಗಿದೆ."

"ಒಂದು ಗಂಟೆ ಬಿಟ್ಟು ನೋಡುವ" ಅಂದೆ.

"ರೇಸ್ ಹದಿನೈದು ದಿನಕ್ಕೊಮ್ಮೆ ಬರ್ತದೆ ಅಣ್ಣ. ನನ್ನ ತಂಗಿಯ ಮದುವೆ ಹದಿನೈದು ದಿನಕ್ಕೊಮ್ಮೆ ಬರ್ತದಾ?"

"ಬರುವುದಿಲ್ಲಮ್ಮ. ಆದರೆ ಮದುವೆ ಮುಗಿದು ಎರಡು ತಿಂಗಳಾಯಿತು. ಯಾರು ಯಾರನ್ನು ಮದುವೆಯಾದರು ಅಂತ ನಿಮಗೆಲ್ಲ ಗೊತ್ತುಂಟು. ಇಲ್ಲಿ ಯಾರು ಗೆಲ್ಲುವುದು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ!"

ನ್ಯಾಯವಾದ ಮಾತು, ಹೌದೋ ಅಲ್ಲವೋ? ಆದರೆ ಅವರ ಕಣ್ಣಲ್ಲಿ ನೀರು ಬಂತು. ಮದುವೆಗೆ ಹೋಗಲಿಕ್ಕೆ ಆಗಿರಲಿಲ್ಲವಂತೆ. ಇನ್ನು ನಾನೆಂತ ಹೇಳಲಿ? ಕ್ಯಾಸೆಟ್ ಹಾಕಿದರು. ಮದುಮಗಳ ಕೈಯ ಮದರಂಗಿ ನೋಡಿ ಅಕ್ಕನೂ ಅತ್ತಳು, ಅತ್ತೆಯೂ ಅತ್ತರು. ನಾನೂ ಅಳುತ್ತಿದ್ದೆ, ಕಾರಣ ಬೇರೆ. ಊಟದ ಪಂಕ್ತಿ ಬಂದಾಗ ಆ ಹೆಂಗಸಿಗೇ ಸಾಕಾಗಿ "ಇದು ಬೇಡ, ಮುಂದೆ ಓಡಿಸುವ" ಅಂದರು. ಗುಂಡಿ ಒತ್ತಿದ್ದೇ ತಡ, ಬಿರಿಯಾನಿ ತಟ್ಟೆ ಹಿಡಿದವರೆಲ್ಲ ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಆ ಕಡೆಯಿಂದ ಈ ಕಡೆ ಓಡತೊಡಗಿದರು.

ಅಕ್ಕ ನನ್ನ ಕಡೆ ತಿರುಗಿ ಹೇಳಿದಳು: "ಇಗೋ ಬಂತು ನೋಡು, ನಿನ್ನ ರೇಸ್."

ಕಲಿಸಿದವರು ಯಾರು?

ಮೂರು ವರ್ಷ ಕಳೆದು ಮಸ್ಕತ್ತಿಗೆ ಹೋದೆ. ಅಲ್ಲಿ ತಮ್ಮನದ್ದು ಹೋಟೆಲ್ ಉಂಟು. ಗೋಡೆಯಲ್ಲಿ ದೊಡ್ಡ ಟಿವಿ. ಅತ್ತೆ ಇಲ್ಲ, ಕ್ಯಾಸೆಟ್ ಇಲ್ಲ, ಚಹಾ ಬೇಕಾದಷ್ಟು ಉಂಟು. ಇನ್ನು ಆರು ಸುತ್ತು ಅನ್ನುವಾಗ ಒಬ್ಬ ಗಿರಾಕಿ ಬಂದು ಸರಿಯಾಗಿ ಟಿವಿಗೆ ಅಡ್ಡ ನಿಂತ.

"ಮೇಸ್ಟ್ರೇ! ನೀವಾ?"

ನೋಡಿದರೆ ಪುಂಜಾಲಕಟ್ಟೆಯ ನನ್ನ ಹಳೆಯ ಶಿಷ್ಯ. ಸಂತೋಷದಿಂದ ಮಾತಾಡಿಸಿದ ಅಂದುಕೊಂಡಿರಾ? ಇಲ್ಲ, ಜಗಳಕ್ಕೆ ಬಂದದ್ದು.

"ಐದು ಸಲ ಇಲ್ಲಿಯ ಟೆಸ್ಟಿನಲ್ಲಿ ಫೇಲ್ ಆದೆ, ನಿಮ್ಮಿಂದಾಗಿ! ಲೈಸೆನ್ಸ್ ಇಲ್ಲದಿದ್ದರೆ ಕಂಪೆನಿಯವರು ಊರಿಗೆ ಕಳಿಸ್ತಾರಂತೆ. ಇಲ್ಲಿ ಗಾಡಿ ಬಲಬದಿಯಲ್ಲಿ ಓಡುವುದು. ನೀವು 'ಎಡಕ್ಕೆ ಇಡು, ಎಡಕ್ಕೆ ಇಡು' ಅಂತ ತಲೆಗೆ ಕುಟ್ಟಿ ಕುಟ್ಟಿ ಹಾಕಿದ್ದೀರಿ. ಅದೀಗ ಹೋಗ್ತಾ ಇಲ್ಲ!"

ಅಲ್ಲ, ನಾನು ಸರಿಯಾಗಿ ಕಲಿಸಿದ್ದೇ ತಪ್ಪಾಯಿತಾ? ಸಿಟ್ಟು ನೆತ್ತಿಗೇರಿತು. ಆದರೂ ಮೇಸ್ಟ್ರು ಮೇಸ್ಟ್ರೇ ನೋಡಿ. ಊಟದ ತಟ್ಟೆಯನ್ನು ರಸ್ತೆಯ ಸರ್ಕಲ್ ಮಾಡಿ, ನೀರಿನ ಲೋಟಗಳನ್ನು ಕಾರು ಮಾಡಿ, ಮೇಜಿನ ಮೇಲೆ ಬಲಬದಿಯ ರಸ್ತೆ ಹಾಕಿ, ಅವನ ತಲೆಗೆ ಹೋಗುವವರೆಗೆ ಹೇಳಿಕೊಟ್ಟೆ. ತಲೆ ಎತ್ತುವಾಗ ಟಿವಿಯಲ್ಲಿ ಗೆದ್ದವ ಶಾಂಪೇನ್ ಚೆಲ್ಲುತ್ತಿದ್ದ.

ಶಿಷ್ಯ ಮುಂದಿನ ಟೆಸ್ಟಿನಲ್ಲಿ ಪಾಸಾದ. ರಜೆಯಲ್ಲಿ ಊರಿಗೆ ಬಂದವ ಪುಂಜಾಲಕಟ್ಟೆಯಲ್ಲಿ ಬಾಡಿಗೆ ಕಾರನ್ನು ಜುಮ್ ಅಂತ ಬಲಬದಿಯಲ್ಲೇ ಓಡಿಸಿ, ಎದುರಿನಿಂದ ಬಸ್ಸು ಬಂದಾಗ ಗದ್ದೆಗೆ ಇಳಿಸಿದ. "ಯಾರಯ್ಯ ನಿನಗೆ ಕಲಿಸಿದ್ದು?" ಅಂತ ಪೊಲೀಸಿನವರು ಕೇಳಿದರಂತೆ. ಮಹಾಶಯ ನನ್ನ ಹೆಸರು, ವಿಳಾಸ ಎಲ್ಲ ಸರಿಯಾಗಿ ಹೇಳಿದ್ದಾನೆ.

ಎದ್ದು ನಿಂತು ಕೈ ಬೀಸಿ

ಆಮೇಲೆ ನಮ್ಮ ಊರಿಗೂ ಕೇಬಲ್ ಬಂತು. ಆದರೆ ನಮ್ಮ ಕೇಬಲಿನವ ಕ್ರಿಕೆಟ್ ಇದ್ದ ದಿನ ಬಿಟ್ಟು ಸ್ಪೋರ್ಟ್ಸ್ ಚಾನೆಲ್ ಹಾಕುವವನಲ್ಲ. "ರೇಸ್ ನೋಡುವವರು ಇಡೀ ಮೂಡುಬಿದಿರೆಯಲ್ಲಿ ನೀವೊಬ್ಬರೇ ಮೇಸ್ಟ್ರೇ" ಅಂತ ನನಗೇ ಬುದ್ಧಿ ಹೇಳಿದ. ಅಷ್ಟರಲ್ಲಿ ಬಹ್ರೇನಿನಲ್ಲೇ ರೇಸ್ ನಡೆಯಲಿಕ್ಕೆ ಶುರುವಾಯಿತು. ಅಲ್ಲಿ ಅಂಗಡಿ ಇಟ್ಟಿರುವ ಕನ್ಯಾನದ ಶಿಷ್ಯನೊಬ್ಬ "ಬನ್ನಿ ಮೇಸ್ಟ್ರೇ, ಎದುರೆದುರೇ ನೋಡುವ" ಅಂತ ಕರೆದ. ಹೋದೆ. ಹೋದ ಮೇಲೆ ಟಿಕೆಟ್ ಸಿಗಲಿಲ್ಲ.

"ಟ್ರ್ಯಾಕಿನ ಹೊರಗೆ ನಿಂತರೆ ಸದ್ದಾದರೂ ಕೇಳ್ತದೆ ಮೇಸ್ಟ್ರೇ."

"ಸದ್ದು ನನಗೆಂತಕ್ಕೆ ಮಾರಾಯ? ಟಿವಿ ಹಾಕು."

ಪುಣ್ಯಾತ್ಮ ಎಲ್ಲ ವ್ಯವಸ್ಥೆ ಮಾಡಿದ. ಬಾಗಿಲಿಗೆ ಚಿಲಕ ಹಾಕಿದ. ಹೆಂಡತಿ ಮಕ್ಕಳನ್ನು ನೆಂಟರ ಮನೆಗೆ ಕಳಿಸಿದ. ನಾನು ಮೂತ್ರಕ್ಕೂ ಏಳದೆ ಕೂತೆ. ಇನ್ನು ಎರಡೇ ಸುತ್ತು! ಈ ಸಲ ನೋಡಿಯೇ ನೋಡ್ತೇನೆ ಅಂತ ಟಿವಿಯ ಹತ್ತಿರಕ್ಕೆ ಜರುಗಿ ಕೂತೆ. ಆಗ ಶಿಷ್ಯನ ಮೊಬೈಲ್ ಹೊಡೆಯಿತು.

"ಮೇಸ್ಟ್ರೇ, ಊರಿಂದ ನಿಮ್ಮ ಮನೆಯವರು. ಅರ್ಜೆಂಟಂತೆ."

ಊರಿಂದ ಅರ್ಜೆಂಟ್ ಫೋನ್ ಅಂದರೆ ಯಾರಾದರೂ ಹೋದರು ಅಂತಲೇ. ಒಳಗೆ ಮಾತು ಸರಿ ಕೇಳುವುದಿಲ್ಲ ಅಂತ ಮೊಬೈಲ್ ಹಿಡಿದು ಬಾಲ್ಕನಿಗೆ ಓಡಿದೆ.

"ಎಂತಾಯಿತು? ಯಾರಿಗೆ ಎಂತಾಯಿತು?"

"ಯಾರಿಗೂ ಎಂತ ಆಗಲಿಲ್ಲ" ಅಂದಳು ಹೆಂಡತಿ. ಹಿಂದೆ ಸಂತೆಯ ಹಾಗೆ ಗದ್ದಲ. "ನೀವು ಎಲ್ಲಿ ಕೂತಿದ್ದೀರಿ ಹೇಳಿ. ನಮ್ಮವರು ಟಿವಿಯಲ್ಲಿ ಬರ್ತಾರೆ ಅಂತ ಹೇಳಿದ್ದಕ್ಕೆ ಕೇಬಲಿನವ ಇಡೀ ಊರಿಗೇ ರೇಸ್ ಹಾಕಿದ್ದಾನೆ. ಮನೆ ತುಂಬ ಜನ. ಒಂದೂವರೆ ಗಂಟೆಯಿಂದ ಎಲ್ಲರೂ ಹುಡುಕ್ತಾ ಇದ್ದೇವೆ, ನೀವು ಕಾಣುವುದೇ ಇಲ್ಲ. ಒಮ್ಮೆ ಎದ್ದು ನಿಂತು ಕೈ ಬೀಸಿ!"

"ಮಾರಾಯ್ತಿ, ನಾನು ಅಲ್ಲಿ ಇಲ್ಲ! ಟಿಕೆಟ್ ಸಿಗಲಿಲ್ಲ! ನಾನೂ ಟಿವಿಯಲ್ಲೇ ನೋಡ್ತಾ ಇರುವುದು!"

"ಹುಡುಕುವುದು ಬೇಡ, ಇವರು ಅಲ್ಲಿ ಇಲ್ಲವಂತೆ" ಅಂತ ಅವಳು ಮನೆಯವರಿಗೆಲ್ಲ ಕೂಗಿ ಹೇಳಿ, ಮತ್ತೆ ನನ್ನ ಕಡೆ ತಿರುಗಿದಳು.

"ಟಿವಿ ನೋಡ್ಲಿಕ್ಕೆ ಅಷ್ಟು ದೂರ ಹೋದದ್ದಾ? ಇಲ್ಲೇ ಇದ್ದಿದ್ದರೆ ಎಲ್ಲರೊಟ್ಟಿಗೆ ಆರಾಮದಲ್ಲಿ ನೋಡಬಹುದಿತ್ತಲ್ಲ. ಎಷ್ಟು ಚೆಂದ ಮುಗಿಯಿತು!"

"ಮುಗಿಯಿತಾ?"

"ಈಗಷ್ಟೇ ಬಾವುಟ ಬೀಸಿದರಲ್ಲ, ಕಪ್ಪು ಬಿಳಿಯದ್ದು. ನೀವು ನೋಡಲಿಲ್ವಾ?"