ತಾರಾಬಾಯಿಯ ಕರಿಬಣ್ಣಕ್ಕೆ ಲೈಸೆನ್ಸ್ ದೊರೆತ ವಿವರ

ಬೆಲ್ಲ ಹಾಕಿ, ಹದಿನೈದು ದಿನ ಮುಚ್ಚಿಟ್ಟು, ಮೇಲೆ ನೊರೆ ಬಂದಿರುವ ಯಾವುದೇ ದ್ರವವನ್ನು ಮದ್ಯವೆಂದೇ ಪರಿಗಣಿಸತಕ್ಕದ್ದು. ಇದು ನಾರಾಯಣಖೇಡದ ಹುದುಗು ಪದಾರ್ಥಗಳ ನಿಯಂತ್ರಣ ಕಚೇರಿಯ ಹನ್ನೊಂದನೆಯ ನಿಯಮ. ಹನ್ನೊಂದನೆಯದಕ್ಕೆ ವಿನಾಯಿತಿ ಇಲ್ಲ ಎಂಬುದು ಹನ್ನೆರಡನೆಯದು. ಹದಿಮೂರನೆಯದನ್ನು ಇಲಿ ತಿಂದಿದೆ, ಅದೂ ಜಾರಿಯಲ್ಲಿದೆ.

ಕಲ್ಹೇರ್ ಹತ್ತಿರದ ಹಳ್ಳಿಯೊಂದರಲ್ಲಿ ತಾರಾಬಾಯಿ ಎಂಬವರು ಮರದ ಅಚ್ಚಿನಿಂದ ಸೀರೆಗಳ ಮೇಲೆ ಹೂಬಳ್ಳಿ ಒತ್ತುತ್ತಾರೆ. ತಾಂಡೂರಿನ ಅಂಗಡಿಯವರೊಬ್ಬರು ದಸರೆಗೆ ಮೂವತ್ತು ಸೀರೆ ಕೇಳಿದ್ದರು. ತಡವಾದರೆ ಮಷಿನ್ ಸೀರೆ ತರಿಸಿಕೊಳ್ಳುತ್ತೇವೆ, ಮತ್ತೆ ನಿಮ್ಮ ಮನೆ ಕಡೆ ಹಾಯುವುದಿಲ್ಲ ಎಂದೂ ಹೇಳಿ ಹೋಗಿದ್ದರು. ಮೂವತ್ತೂ ಸೀರೆಗಳು ಅಳಲೆಕಾಯಿ ನೀರಿನಲ್ಲಿ ಮುಳುಗಿ, ಒಣಗಿ, ಹಳದಿಯಾಗಿ ಕಾದು ಕುಳಿತಿದ್ದವು. ಮೊದಲು ಕರಿ ಗೆರೆ ಬೀಳಬೇಕು, ಆಮೇಲೆ ಕೆಂಪು. ಕರಿಬಣ್ಣವೆಂದರೆ ಬೆಲ್ಲದ ನೀರಿನಲ್ಲಿ ತುಕ್ಕು ಹಿಡಿದ ಕಬ್ಬಿಣ ಹಾಕಿ ಗಡಿಗೆಯಲ್ಲಿ ಮುಚ್ಚಿಡುವುದು. ಆ ನೀರು ಅಳಲೆಕಾಯಿಯ ಒಗರಿಗೆ ತಾಗಿದ ಕೂಡಲೇ ಕರ್ರಗಾಗುತ್ತದೆ. ಹದಿನಾರನೆಯ ದಿನ ನೊರೆ ಬಂತು. ಇನ್‌ಸ್ಪೆಕ್ಟರ್ ಕಾಶಿನಾಥರೂ ಬಂದರು.

"ಇದೇನ ಬಾಯಿ?"

"ಕರಿ ಬಣ್ಣರಿ ಸಾಹೇಬ್ರ. ಸೀರಿಗಿ."

"ಬೆಲ್ಲ ಅದ?"

"ಅದರಿ."

"ಆ ಮೂಲ್ಯಾಗ ಪಟಿಕ ಅದ?"

"ಅದು ಕೆಂಪು ಬಣ್ಣಕ್ಕರಿ."

"ನೊರಿ ಬಂದದ?"

"ದೇವ್ರ ದಯಾ, ಈ ಸಲ ಚಲೋ ಬಂದದರಿ."

ಇದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳಲಾಯಿತು.

ಬೆಲ್ಲ, ಪಟಿಕ ಹಾಕಿ ಕದ್ದು ಕಾಯಿಸುವ ಸಾರಾಯಿಗೆ ನಮ್ಮ ಕಡೆ ಗುಡುಂಬಾ ಎನ್ನುತ್ತಾರೆ. ತಾರಾಬಾಯಿಯ ಸೊಸೆ ಸರಿತಾ ಜಹೀರಾಬಾದಿನಲ್ಲಿ ಡಿಗ್ರಿ ಓದಿದವಳು, ಸುಮ್ಮನಿರಲಾರಳು. ಗಡಿಗೆಯೊಳಗೆ ಕೈ ಹಾಕಿ ಎತ್ತಿನ ಲಾಳ ತೆಗೆದು ತೋರಿಸಿದಳು. "ಲಾಳ ಹಾಕಿ ಯಾರರ ಗುಡುಂಬಾ ಮಾಡ್ತಾರೇನ್ರಿ ಸರ್?"

"ಅವ್ರು ಏನೇನ್ ಹಾಕ್ತಾರಂತ ನಿನಗ ಗೊತ್ತಿಲ್ಲವ್ವ," ಎಂದರು ಕಾಶಿನಾಥರು. "ಲಾಳ ಭಾಳ ವಾಸಿ."

ಗಡಿಗೆಯನ್ನು ಜೀಪಿನ ಮುಂದಿನ ಸೀಟಿನಲ್ಲಿಯೂ ಅತ್ತೆ-ಸೊಸೆಯರನ್ನು ಹಿಂದಿನ ಸೀಟಿನಲ್ಲಿಯೂ ಕೂರಿಸಿ ನಾರಾಯಣಖೇಡಕ್ಕೆ ಕರೆದೊಯ್ಯಲಾಯಿತು.

ಕಚೇರಿಯಲ್ಲಿ ಪರೀಕ್ಷೆ ನಡೆಯಿತು. ಅಟೆಂಡರ್ ಬಕ್ಕಪ್ಪ ಒಂದು ಚಮಚ ಕುಡಿದ. ಅವನು ಆಗಷ್ಟೇ ಕಡಕ್ ಚಹಾ ಕುಡಿದಿದ್ದ. ಅಳಲೆಕಾಯಿಯಲ್ಲಿ ಇರುವ ಒಗರು ಚಹಾದಲ್ಲಿಯೂ ಇರುವುದರಿಂದ ಅವನ ನಾಲಿಗೆ, ಹಲ್ಲು, ತುಟಿ ಎಲ್ಲವೂ ಕರ್ರಗಾದವು. ಬಣ್ಣ ಬಹಳ ಚೆನ್ನಾಗಿ ಹತ್ತಿದೆ ಎಂದು ತಾರಾಬಾಯಿಗೆ ಒಳಗೊಳಗೇ ಸಂತೋಷವಾಯಿತು. ವರದಿ ಹೀಗಿತ್ತು: ಅಮಲು, ಇಲ್ಲ. ರುಚಿ, ಮೊಳೆಯದು. ಕುಡಿದವನ ಗುರುತು, ತೊಳೆದರೂ ಹೋಗುವುದಿಲ್ಲ.

"ಅಮಲು ಇಲ್ಲಂತ ನೀವೇ ಬರ್ದೀರಲ್ರಿ. ಬಿಡ್ರಿ ಮತ್ತ," ಎಂದಳು ಸರಿತಾ.

"ಇಲ್ಲಂದಿದ್ದಕ್ಕೇ ಕೇಸ್ ದೊಡ್ಡದಾತವ್ವ. ಮದ್ಯದಾಗ ಮದ್ಯ ಇಲ್ಲಾಂದ್ರ ಅದು ಕಲಬೆರಕಿ."

"ದಸರಾ ಇಪ್ಪತ್ತೇಳ ದಿನ ಉಳದದರಿ ಸಾಹೇಬ್ರ," ಎಂದರು ತಾರಾಬಾಯಿ. "ನಾ ಏನ್ ಮಾಡ್ಲಿ?"

"ಎರಡು ದಾರಿ ಅವ. ಅಮಲು ಬರುವಂಗ ಮಾಡು, ಕಲಬೆರಕಿ ಕೇಸ್ ಬಿಟ್ಟು ಸಾರಾಯಿ ಕೇಸ್ ಹಾಕ್ತೀನಿ. ಇಲ್ಲಾಂದ್ರ ಲೈಸೆನ್ಸ್ ತಗೋ."

ಮರುದಿನವೇ ಪ್ರಕಟಣೆ ಹೊರಬಿತ್ತು. ಮಂಡಲಕ್ಕೆ ಒಂದು ಕರಿಬಣ್ಣದ ಲೈಸೆನ್ಸ್, ಚೀಟಿ ಎತ್ತುವ ಮೂಲಕ. ಅರ್ಜಿದಾರರಿಗೆ ಬಣ್ಣದ ಕೆಲಸ ಗೊತ್ತಿರಬಾರದು, ಗೊತ್ತಿದ್ದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಗೊತ್ತಿರುವವರು ಗೊತ್ತಿಲ್ಲವೆಂದು ಅಫಿಡವಿಟ್ ಸಲ್ಲಿಸತಕ್ಕದ್ದು. ತಾರಾಬಾಯಿ ಸಲ್ಲಿಸಿದರು. ಹೆಬ್ಬೆಟ್ಟು ಒತ್ತಲು ಶಾಯಿ ಬೇಕಾಗಲಿಲ್ಲ.

ಅರವತ್ತೊಂದು ಅರ್ಜಿಗಳು ಬಂದವು. ಅರವತ್ತು, ಜಹೀರಾಬಾದಿನಲ್ಲಿ ವೈನ್ ಶಾಪ್ ನಡೆಸುವ ಗಂಗಾರಾಮರವು. ಪಾರದರ್ಶಕತೆಯ ದೃಷ್ಟಿಯಿಂದ ಚೀಟಿಗಳನ್ನು ಗಾಜಿನ ಬರಣಿಯಲ್ಲಿ ಹಾಕಲಾಗಿತ್ತು. ಗಂಗಾರಾಮರು ಗೆದ್ದರು, ಆಶ್ಚರ್ಯವನ್ನೂ ವ್ಯಕ್ತಪಡಿಸಿದರು. ಅಂದು ಸಂಜೆಯೇ ತಾರಾಬಾಯಿಯ ಮನೆಗೆ ಬಂದರು.

"ಅಕ್ಕಾ, ಕರಿ ಬಣ್ಣ ಹೆಂಗ್ ಮಾಡ್ತಾರ?"

"ಲೈಸೆನ್ಸ್ ನಿಂದು. ನೀನೇ ಮಾಡಪ್ಪ."

"ಲೈಸೆನ್ಸ್ ಇದ್ದವ ಎಲ್ಲಿಯಾದ್ರೂ ಕೈ ಹೊಲಸು ಮಾಡ್ಕೊತಾನೇನು? ನೀ ಮಾಡು, ನಾ ಮಾರ್ತೀನಿ."

"ಮಾಡೋದು ನಾನು, ಬೇಕಾಗಿದ್ದೂ ನನಗ. ನಡುವ ನೀ ಯಾಕ?"

"ನಾ ಇಲ್ಲಾಂದ್ರ ಅದು ಕಳ್ಳ ಮಾಲಕ್ಕಾ," ಎಂದರು ಗಂಗಾರಾಮರು, ತಿಳಿಯದವರಿಗೆ ತಿಳಿಸುವ ತಾಳ್ಮೆಯಿಂದ.

ಗಡಿಗೆ ಅದೇ ಮೂಲೆಗೆ ವಾಪಸು ಬಂತು. ಬಾಗಿಲಿಗೆ 'ಗಂಗಾರಾಮ ಅಂಡ್ ಸನ್ಸ್, ನೊರೆ ಘಟಕ' ಎಂಬ ಬೋರ್ಡು ಬಿತ್ತು. ತಾರಾಬಾಯಿ ಬಣ್ಣ ಮಾಡಿ ಖೇಡಕ್ಕೆ ಕಳಿಸಿದರು. ಅಲ್ಲಿ ಅದನ್ನು ಬಾಟಲಿಗೆ ತುಂಬಿ, ಸೀಲು ಹಾಕಿ, ಕಬ್ಬಿಣದ ಜಾಲರಿಯ ಹಿಂದೆ ಇಟ್ಟು ಮಾರಲಾಯಿತು. ಒಬ್ಬರಿಗೆ ಒಂದೇ ಬಾಟಲಿ. ಮೂವತ್ತು ಸೀರೆಗೆ ನಲವತ್ತು ಬಾಟಲಿ ಬೇಕಿದ್ದರಿಂದ ಊರಿನ ನಲವತ್ತು ಹೆಣ್ಣುಮಕ್ಕಳು ಹತ್ತಿ ಬಿಡಿಸುವುದನ್ನು ಬಿಟ್ಟು ಕ್ಯೂ ನಿಂತರು. ಅವರ ಹಿಂದೆ ನಿಂತಿದ್ದ ಇಬ್ಬರು ಗಂಡಸರು ಅಲ್ಲೇ ಸೀಲು ಒಡೆದು ಕುಡಿದು, "ಕಿಕ್ ಇಲ್ಲ, ಆದ್ರ ಮಾಲು ಅಸಲಿ ಅದ," ಎಂದು ಕರಿ ಹಲ್ಲು ಬಿಟ್ಟರು.

ದಸರೆಗೆ ಮೂರು ದಿನ ಇರುವಾಗ ತಾರಾಬಾಯಿ ಬಟ್ಟೆ ಹಾಸಿ ಮೊದಲ ಅಚ್ಚು ಒತ್ತಿದರು. ಗೆರೆ ಬೂದಿ ಬಣ್ಣಕ್ಕೆ ಬಿತ್ತು.

"ಅತ್ತಿ, ನೀರು ಬೆರ್ಸ್ಯಾನ!"

"ಬೆರ್ಸದ ಇರಾಕ ಅವನೇನು ಹುಚ್ಚನಾ? ಅಚ್ಚು ಕೊಡು."

ಬೂದಿ ಗೆರೆಯ ಮೇಲೆಯೇ ಇನ್ನೊಮ್ಮೆ ಒತ್ತಿದರು. ಒಂದೊಂದು ಹೂವನ್ನೂ ಎರಡೆರಡು ಸಲ, ಮೂವತ್ತು ಸೀರೆಯ ಉದ್ದಕ್ಕೂ, ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ. ಸರಿತಾ ಹಿಂದಿನಿಂದ ಕೆಂಪು ತುಂಬುತ್ತಾ ಬಂದಳು. ತಾರಾಬಾಯಿಯ ಬಲ ಅಂಗೈ ಬಾತು ಬನ್ನಿನಂತಾಯಿತು.

ಸೀರೆಗಳು ದಸರೆಯ ಮುನ್ನಾದಿನ ತಾಂಡೂರು ಮುಟ್ಟಿದವು. ನಿಯಮದಂತೆ ಅವನ್ನೂ ಜಾಲರಿಯ ಹಿಂದೆಯೇ ಇಡಲಾಯಿತು. ಇಪ್ಪತ್ತೊಂದು ವರ್ಷ ತುಂಬದವರಿಗೆ ತೋರಿಸಲಿಲ್ಲ. ಹಾಗಾಗಿ ಮಧ್ಯಾಹ್ನದೊಳಗೆ ಖಾಲಿಯಾದವು, ಅಂಗಡಿಯವರು ಸಂಕ್ರಾಂತಿಗೆ ನೂರು ಕೇಳಿದರು. ನೀರು ಬೆರೆಸಿದ ಬಗ್ಗೆ ಸರಿತಾ ಕೊಟ್ಟ ದೂರನ್ನು ಕಾಶಿನಾಥರು ಗಂಭೀರವಾಗಿ ಪರಿಗಣಿಸಿದರು. ಮದ್ಯಕ್ಕೆ ನೀರು ಬೆರೆಸುವುದು ವಾಡಿಕೆ ಎಂಬ ಕಾರಣದಿಂದ ಗಡಿಗೆಯಲ್ಲಿದ್ದದ್ದು ಮದ್ಯವೇ ಎಂಬುದು ಈಗ ಸಾಬೀತಾಗಿ, ತಾರಾಬಾಯಿಯ ಮೇಲಿನ ಕಲಬೆರಕೆ ಕೇಸು ಬಿದ್ದುಹೋಯಿತು. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಸರಿತಾ ಬೆಲ್ಲದ ಶಿರಾ ಮಾಡಿದಳು, ನೊರೆ ಬರುವ ಮೊದಲೇ ತಿಂದು ಮುಗಿಸಿದರು.

ಈಗ ತಿಂಗಳಿಗೊಮ್ಮೆ ತಾರಾಬಾಯಿ ಗಡಿಗೆ ಹೊತ್ತು ಖೇಡದ ಬಸ್ಸು ಹತ್ತುತ್ತಾರೆ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಗಡಿಗೆಗೆ ಇದೆ.

"ಅಕ್ಕಾ, ನೀ ಸರಿದು ನಿಂದ್ರು," ಎನ್ನುತ್ತಾನೆ ಕಂಡಕ್ಟರ್. "ಟಿಕೆಟ್ ತಗೊಂಡಿದ್ದು ಕುಂದರ್ಲಿ."

ತಾರಾಬಾಯಿ ಸರಿದು ನಿಲ್ಲುತ್ತಾರೆ. ಪಕ್ಕದ ಸೀಟಿನವರು ಸ್ವಲ್ಪ ಒತ್ತರಿಸಿ ಗಡಿಗೆಗೆ ಜಾಗ ಮಾಡಿಕೊಡುತ್ತಾರೆ.